ಐಸ್ ಹಾಕಿಯ ಮನೆಯಲ್ಲಿ ಕುದುರೆಗಳ ವಿಶ್ವಕಪ್

ಸ್ವೀಡನ್ನಿನ ಬಂದರು ನಗರ ಗೋಥೆನ್‌ಬರ್ಗ್‌ನಲ್ಲಿ ಸ್ಕಾಂಡಿನೇವಿಯಂ ಎಂಬ ದೊಡ್ಡ ಒಳಾಂಗಣ ಕ್ರೀಡಾಂಗಣವಿದೆ. 1971ರಲ್ಲಿ ಬಾಗಿಲು ತೆರೆದ ಇದು ಫ್ರೊಲುಂಡಾ ಐಸ್ ಹಾಕಿ ತಂಡದ ತವರು. ಅದೇ ನೆಲದ ಮೇಲೆ ಮರಳು ಹರಡಿ, ಬಣ್ಣಬಣ್ಣದ ತಡೆಗಳನ್ನು ನಿಲ್ಲಿಸಿ, ಗೋಥೆನ್‌ಬರ್ಗ್ ಹಾರ್ಸ್ ಶೋ ನಡೆಸುವ ರೂಢಿ 1977ರಲ್ಲಿ ಶುರುವಾಯಿತು. ಎರಡೇ ವರ್ಷದಲ್ಲಿ, 1979ರ ಏಪ್ರಿಲ್‌ನಲ್ಲಿ, ಶೋ ಜಂಪಿಂಗ್ ವಿಶ್ವಕಪ್ಪಿನ ಮೊತ್ತಮೊದಲ ಫೈನಲ್ಲಿಗೂ ಇದೇ ಕಣವಾಯಿತು. ಆಮೇಲೆ ಆ ಫೈನಲ್ ಹತ್ತಕ್ಕೂ ಹೆಚ್ಚು ಬಾರಿ ಇಲ್ಲಿಗೇ ಮರಳಿ ಬಂದಿದೆ.

ನಮ್ಮಲ್ಲಿ ಕುದುರೆಯ ಆಟವೆಂದರೆ ರೇಸೇ ಮೊದಲು ನೆನಪಾಗುತ್ತದೆ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದು, ಟೋಕಿಯೋ ಒಲಿಂಪಿಕ್ಸ್‌ನಲ್ಲೂ ಸವಾರಿ ಮಾಡಿದ ಮೇಲೆ ಬೇರೆ ಬಗೆಯ ಅಶ್ವಕ್ರೀಡೆಗಳತ್ತಲೂ ಕೆಲವರ ಕಣ್ಣು ಹೊರಳಿತು. ಅವರದು ಈವೆಂಟಿಂಗ್, ಅದರ ಮೂರು ಪರೀಕ್ಷೆಗಳಲ್ಲಿ ಒಂದು ತಡೆಗಳ ಮೇಲಿನ ಜಿಗಿತ. ಶೋ ಜಂಪಿಂಗ್‌ನಲ್ಲಾದರೋ ಜಿಗಿತವೇ ಎಲ್ಲ. ನಿಯಮ ಸರಳ. ತಡೆಯ ಮೇಲಿನ ಕಂಬ ಆಳವಿಲ್ಲದ ಬಟ್ಟಲಿನಂಥ ಆಸರೆಯಲ್ಲಿ ಸುಮ್ಮನೆ ಕೂತಿರುತ್ತದೆ. ಗೊರಸು ತಾಗಿ ಬಿದ್ದರೆ ನಾಲ್ಕು ತಪ್ಪಂಕ. ಕುದುರೆ ತಡೆಯ ಮುಂದೆ ಬಂದು ಜಿಗಿಯಲೊಲ್ಲದೆ ನಿಂತರೂ ನಾಲ್ಕು. ನಿಗದಿತ ಸಮಯ ಮೀರಿದರೆ ಅದಕ್ಕೂ ದಂಡವಿದೆ. ತಪ್ಪಿಲ್ಲದೆ ಮುಗಿಸಿದವರು ಹಲವರಿದ್ದರೆ, ಕಡಿಮೆ ತಡೆಗಳ ಇನ್ನೊಂದು ಸುತ್ತು ಓಡಿಸಿ ಗಡಿಯಾರ ನೋಡುತ್ತಾರೆ.

ಚಾವಣಿಯ ಕೆಳಗೆ ಬಂದರೆ ಈ ಆಟದ ಗುಣವೇ ಬದಲಾಗುತ್ತದೆ. ಬಯಲಿನ ಹುಲ್ಲುಗಾವಲಲ್ಲಿ ಒಂದು ತಡೆಯಿಂದ ಇನ್ನೊಂದಕ್ಕೆ ಹೋಗುವಾಗ ತಪ್ಪಿದ ಲಯವನ್ನು ಸರಿಮಾಡಿಕೊಳ್ಳಲು ಜಾಗವಿರುತ್ತದೆ. ಒಳಾಂಗಣದಲ್ಲಿ ಒಂದು ತಡೆ ದಾಟಿ ಗೊರಸು ನೆಲ ಮುಟ್ಟುವಷ್ಟರಲ್ಲಿ ಗೋಡೆ ಎದುರಿಗಿರುತ್ತದೆ. ತಿರುಗಬೇಕು, ತಿರುಗಿದೊಡನೆ ಮುಂದಿನ ತಡೆ. ಅದೂ 1.60 ಮೀಟರ್ ಎತ್ತರದವರೆಗಿನದು. ಕುದುರೆಯ ಓಟದ ಒಂದು ದಾಪು ಸುಮಾರು ಮೂರೂವರೆ ಮೀಟರ್. ಸ್ಪರ್ಧೆಗೆ ಮುನ್ನ ಸವಾರರು ಕಣದೊಳಗೆ ನಡೆದಾಡುತ್ತ, ತಮ್ಮ ನಾಲ್ಕು ಹೆಜ್ಜೆಗೆ ಕುದುರೆಯ ಒಂದು ದಾಪು ಎಂದು ಲೆಕ್ಕ ಹಾಕುತ್ತಾರೆ. ಈ ಎರಡು ತಡೆಗಳ ನಡುವೆ ಐದು ದಾಪು ಇಡಿಸಬೇಕೋ, ಉದ್ದ ಎಳೆದು ನಾಲ್ಕರಲ್ಲೇ ಮುಗಿಸಬೇಕೋ ಎಂಬುದು ಅಲ್ಲೇ ತೀರ್ಮಾನವಾಗಬೇಕು. ಈ ಇಕ್ಕಟ್ಟೇ ಒಳಾಂಗಣ ಜಂಪಿಂಗನ್ನು ಇಷ್ಟು ಸೊಗಸಾಗಿಸಿದೆ ಎಂದು ನನಗನ್ನಿಸುತ್ತದೆ. ಇಲ್ಲಿ ಬರೀ ಶಕ್ತಿ ಸಾಲದು. ಸವಾರನ ಮನಸ್ಸು ಕುದುರೆಗೆ ಮೊದಲೇ ತಿಳಿದಿರಬೇಕು.

ಉತ್ತರ ಯುರೋಪಿನ ಚಳಿಗಾಲದಲ್ಲಿ ಬಯಲ ಸ್ಪರ್ಧೆ ಕಷ್ಟ. ಹಾಗಾಗಿ ಊರೂರಲ್ಲಿ ಒಳಾಂಗಣ ಪಂದ್ಯಗಳು ಮೊದಲಿಂದಲೂ ಇದ್ದವು, ಆದರೆ ಬಿಡಿಬಿಡಿಯಾಗಿ. ಅವನ್ನು ಒಂದೇ ಸರಣಿಯಾಗಿ ಪೋಣಿಸಿ, ಕೊನೆಗೊಂದು ಫೈನಲ್ ಇಡಬಹುದೆಂದು ಯೋಚಿಸಿದವರು ಸ್ವಿಟ್ಜರ್‌ಲೆಂಡಿನ ಪತ್ರಕರ್ತ ಮ್ಯಾಕ್ಸ್ ಅಮ್ಮಾನ್. ಹಣದ ಬೆಂಬಲ ಕೊಟ್ಟ ವೋಲ್ವೊ ಗೋಥೆನ್‌ಬರ್ಗ್‌ನದೇ ಕಂಪನಿ.

ಮೊದಲ ಫೈನಲ್ಲಿನಲ್ಲಿ ಆಸ್ಟ್ರಿಯಾದ ಹ್ಯೂಗೊ ಸೈಮನ್ ಮತ್ತು ಅಮೆರಿಕದ ಕೇಟಿ ಮೊನಹನ್ ಸಮಸಮ ಬಂದರು. ಮತ್ತೊಂದು ಸುತ್ತು ನಡೆಸಿದಾಗ ಗ್ಲ್ಯಾಡ್‌ಸ್ಟನ್ ಎಂಬ ಕುದುರೆಯ ಮೇಲೆ ಸೈಮನ್ ಗೆದ್ದರು. ಆಟದ ಬೇರು ಯುರೋಪಿನದಾದರೂ, ಮುಂದಿನ ಹತ್ತು ಫೈನಲ್‌ಗಳನ್ನು ಗೆದ್ದವರೆಲ್ಲ ಅಮೆರಿಕ, ಕೆನಡಾದವರೇ. ಹೆಣ್ಣು ಗಂಡು ಭೇದವಿಲ್ಲದೆ ಒಂದೇ ಕಣದಲ್ಲಿ ಸೆಣಸುವ ಅಪರೂಪದ ಆಟವಿದು. 1982ರಲ್ಲಿ ಇದೇ ಸ್ಕಾಂಡಿನೇವಿಯಂನಲ್ಲಿ ಅಮೆರಿಕದ ಮೆಲನಿ ಸ್ಮಿತ್ ಕ್ಯಾಲಿಪ್ಸೊ ಏರಿ ಗೆದ್ದು, ವಿಶ್ವಕಪ್ ಪಡೆದ ಮೊದಲ ಮಹಿಳೆಯಾದರು. ಎರಡು ವರ್ಷದ ನಂತರ ಅಲ್ಲೇ ಗೆದ್ದ ಕೆನಡಾದ ಮಾರಿಯೊ ಡೆಲೋರಿಯೆಗೆ ಹತ್ತೊಂಬತ್ತೇ ವರ್ಷ.

ಅಮೆರಿಕ, ಕೆನಡಾದವರ ಆ ಗೆಲುವಿನ ಸರಪಳಿ ಕಡಿದದ್ದು ಮಿಲ್ಟನ್. ಈ ಬೂದುಬಿಳಿ ಕುದುರೆಯ ಕಥೆಯಲ್ಲಿ ನೋವಿದೆ. ಇಂಗ್ಲೆಂಡಿನ ಹೆಸರಾಂತ ಸವಾರಿಣಿ ಕ್ಯಾರೊಲಿನ್ ಬ್ರಾಡ್ಲಿ ಅದನ್ನು ಮರಿಯಾಗಿದ್ದಾಗಲೇ ಕೊಂಡು, ತಾವೇ ಪಳಗಿಸಿದ್ದರು. 1983ರಲ್ಲಿ, ಮೂವತ್ತೇಳರ ಹರೆಯದಲ್ಲಿ, ಆಕೆ ಹಠಾತ್ತನೆ ತೀರಿಕೊಂಡರು. ತಂದೆತಾಯಿ ಮಗಳ ಕುದುರೆಯನ್ನು ಮಾರಲಿಲ್ಲ. ಯಾರ್ಕ್‌ಶೈರಿನ ರೈತ ಕುಟುಂಬದ ಜಾನ್ ವಿಟೇಕರ್ ಕೈಗೆ ಸವಾರಿಗೆಂದು ಒಪ್ಪಿಸಿದರು. ಆ ಜೋಡಿ 1990ರಲ್ಲಿ ಡಾರ್ಟ್‌ಮುಂಡ್‌ನಲ್ಲಿ, ಮರುವರ್ಷ ಗೋಥೆನ್‌ಬರ್ಗ್‌ನಲ್ಲಿ ವಿಶ್ವಕಪ್ ಗೆದ್ದಿತು. ರೇಸಿನ ಹೊರಗೆ ಹತ್ತು ಲಕ್ಷ ಪೌಂಡ್‌ಗೂ ಮಿಕ್ಕಿ ಬಹುಮಾನ ಗಳಿಸಿದ ಮೊದಲ ಕುದುರೆ ಮಿಲ್ಟನ್. ಅದರ ಹಳೆಯ ದೃಶ್ಯಗಳನ್ನು ನೋಡಿದರೆ ಹಣದ ಲೆಕ್ಕ ಮರೆತೇಹೋಗುತ್ತದೆ: ತಡೆಯ ಮೇಲೆ ಬೇಕಾದುದಕ್ಕಿಂತ ಗೇಣೆತ್ತರ ಹೆಚ್ಚೇ ಹಾರಿ, ಸುತ್ತು ಮುಗಿದ ಮೇಲೂ ಕುಣಿಯುವ ಪ್ರಾಣಿ ಅದು.

ಹ್ಯೂಗೊ ಸೈಮನ್ ಮತ್ತೆ ಬಂದರು. ಮೊದಲ ಗೆಲುವಿನ ಹದಿನೆಂಟು ವರ್ಷಗಳ ಮೇಲೆ, 1997ರಲ್ಲಿ, ಐವತ್ತು ದಾಟಿದ ಆ ಸವಾರ ಇ.ಟಿ. ಎಂಬ ಕುದುರೆಯೊಂದಿಗೆ ಅದೇ ಗೋಥೆನ್‌ಬರ್ಗ್‌ನಲ್ಲಿ ತಮ್ಮ ಮೂರನೆಯ ಕಪ್ ಎತ್ತಿದರು. ಬ್ರೆಜಿಲಿನ ರೊಡ್ರಿಗೊ ಪೆಸ್ಸೊವಾ ಬಲೂಬೆ ದು ರುವೆಯನ್ನು ಏರಿ 1998ರಿಂದ ಸತತ ಮೂರು ವರ್ಷ ಗೆದ್ದರು. ಫೈನಲ್ ಲಾಸ್ ವೇಗಸ್‌ಗೆ ಹೋಯಿತು, 2006ರಲ್ಲಿ ಕೌಲಾಲಂಪುರಕ್ಕೂ ಬಂತು. 2019ರಲ್ಲಿ ಸ್ವಿಟ್ಜರ್‌ಲೆಂಡಿನ ಸ್ಟೀವ್ ಗೆರ್ಡಾ ತಮ್ಮ ಮೂರನೆಯ ಕಪ್ ಪಡೆದದ್ದು ಮತ್ತೆ ಸ್ಕಾಂಡಿನೇವಿಯಂನಲ್ಲಿ.

ಇಷ್ಟೆಲ್ಲ ಆದರೂ, ಮೊದಲ ಫೈನಲ್ ನಡೆದು ನಾಲ್ಕು ದಶಕ ಕಳೆದರೂ, ಸ್ವೀಡನ್ನಿನವರೊಬ್ಬರ ಹೆಸರು ವಿಜೇತರ ಪಟ್ಟಿಗೆ ಸೇರಿರಲಿಲ್ಲ. ತವರಿನ ಪ್ರೇಕ್ಷಕರು ಪ್ರತಿ ಬಾರಿಯೂ ಪರದೇಶದವರಿಗೇ ಚಪ್ಪಾಳೆ ತಟ್ಟಿ ಕಳಿಸಿದ್ದರು. ಕೊನೆಗೆ 2023ರಲ್ಲಿ ಸ್ವೀಡನ್ನಿನ ಹೆನ್ರಿಕ್ ಫಾನ್ ಎಕರ್‌ಮನ್ ಕಿಂಗ್ ಎಡ್ವರ್ಡ್ ಎಂಬ ಕೆಂಗಂದು ಕುದುರೆಯೊಂದಿಗೆ ಕಪ್ ಗೆದ್ದರು. ಗೆದ್ದದ್ದು ಮಾತ್ರ ಅಮೆರಿಕದ ಒಮಾಹಾದಲ್ಲಿ. ಮರುವರ್ಷ ಅದೇ ಜೋಡಿ ರಿಯಾದ್‌ನಲ್ಲೂ ಗೆದ್ದಿತು.