ಬೋಕಿಯ ಹುಟ್ಟೂರು

ಮುಂಡಗೋಡ ತಾಲೂಕಿನ ಪಾಳಾದಂಥ ಊರಿನಲ್ಲಿ ಹೊಲ ಊಳುವವನ ನೇಗಿಲಿಗೆ ಹಳೆಯ ಬೋಕಿಯೊಂದು ತಗುಲಿತೆನ್ನಿ. ಕೆಂಪು ಮೈಯ ಮೇಲೆ ಬಿಳಿಯ ಗೆರೆಗಳು. ಯಾವ ಊರಿನ ಕುಂಬಾರನ ಕೈಕೆಲಸವಿದು? ಉತ್ತರವು ತೋರುವಷ್ಟು ಸುಲಭವಲ್ಲ.

ಇಂಥ ಪಾತ್ರೆಗಳು ನೆರೆಯ ಶಿರಸಿ ತಾಲೂಕಿನ ಬನವಾಸಿಯ ಉತ್ಖನನದಲ್ಲಿಯೂ ದೊರೆತಿವೆ. ಸುಣ್ಣದಿಂದಲೋ ಬಿಳಿಜೇಡಿಯಿಂದಲೋ ಗೆರೆಯೆಳೆದು ಕೆಮ್ಮಣ್ಣಿನ ಲೇಪ ಕೊಟ್ಟವು ಇವು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವ್ಹೀಲರರು ಇವುಗಳಿದ್ದ ಪದರವನ್ನು ‘ಆಂಧ್ರ ಸಂಸ್ಕೃತಿ’ಯೆಂದು ಕರೆದರು. ಶಾತವಾಹನರನ್ನು ಪುರಾಣಗಳು ಆಂಧ್ರರೆನ್ನುತ್ತವೆ. ಅರಸರ ಹೆಸರು ಗಡಿಗೆಗೂ ಅಂಟಿಕೊಂಡಿತು. ಮುಂದೆ ತಮಿಳುನಾಡಿನ ಕೊಡುಮಣಲಿನವರೆಗೂ ಇವು ಕಾಣಿಸಿಕೊಂಡವು. ವಿದ್ವಾಂಸರು ರಾಜವಂಶದ ಹೆಸರನ್ನು ಬಿಟ್ಟು, ಲೇಪದ ಬಣ್ಣದಿಂದಲೇ ಇವನ್ನು ಗುರುತಿಸತೊಡಗಿದರು.

ಬ್ರಹ್ಮಗಿರಿಯ ಅದೇ ಪದರದಲ್ಲಿ ಇನ್ನೊಂದು ಬಗೆಯ ನುಣುಪಾದ ತಟ್ಟೆಗಳಿದ್ದವು. ಅವುಗಳ ಒಳತಳದಲ್ಲಿ ಹಲ್ಲುಚಕ್ರ ಉರುಳಿಸಿ ಮೂಡಿಸಿದ ಚುಕ್ಕೆಗಳ ಬಳೆಗಳು. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಇಂಥವು ರೋಮಿನ ಸಾಮಗ್ರಿಗಳ ಜೊತೆಗೆ ಸಿಕ್ಕಿದ್ದರಿಂದ, ಇವು ಪಶ್ಚಿಮದಿಂದ ಹಡಗೇರಿ ಬಂದವೆಂದು ವ್ಹೀಲರರು ಭಾವಿಸಿದ್ದರು. ಐವತ್ತು ವರ್ಷಗಳ ತರುವಾಯ, 1997ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ವಿ. ಡಿ. ಗೋಗಟೆಯವರು ಕ್ಷ-ಕಿರಣಗಳಿಂದ ಇದರ ಮಣ್ಣಿನ ಖನಿಜಗಳನ್ನು ಪರೀಕ್ಷಿಸಿದರು. ಅವರ ನಿರ್ಣಯದಂತೆ ಅವು ತಾಳೆಯಾದದ್ದು ಬಂಗಾಳದ ಚಂದ್ರಕೇತುಗಢ–ತಾಮ್ಲುಕ್ ಪ್ರದೇಶದ ಮಣ್ಣಿಗೆ!

ಅಮೆರಿಕದ ಪ್ಯೂಬ್ಲೋ ಜನರ ಚಿತ್ರಿತ ಗಡಿಗೆಗಳ ಕಥೆಯೂ ಇಂಥದೇ. ಪೇಕೋಸ್ ಎಂಬ ಪಾಳೂರಿನಲ್ಲಿ ಸಿಕ್ಕಿದವು ಬಹುತೇಕ ಅಲ್ಲಿಯ ಕೈಗಳಿಂದಲೇ ಆದವೆಂಬ ನಂಬಿಕೆಯಿತ್ತು. ಆನಾ ಶೆಪರ್ಡ್ ಎಂಬ ವಿದುಷಿ ಬೋಕಿಗಳನ್ನು ತೆಳುವಾಗಿ ತೇಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೇಡಿ ಬಿರಿಯದಿರಲೆಂದು ಬೆರೆಸಿದ್ದ ಕಲ್ಲುಪುಡಿ ಎಷ್ಟೋ ಗಡಿಗೆಗಳಲ್ಲಿ ಬೇರೆ ಸೀಮೆಯದಾಗಿತ್ತು. 1936ರಲ್ಲಿ ಅವರು ಪ್ರಕಟಿಸಿದ ಈ ಶೋಧದಿಂದ, ಆ ಊರುಗಳ ನಡುವೆ ಗಡಿಗೆಗಳ ದೊಡ್ಡ ವ್ಯಾಪಾರವೇ ನಡೆದಿತ್ತೆಂದು ತಿಳಿಯಿತು.

ಗೆರೆಯನ್ನು ಯಾರಾದರೂ ಅನುಕರಿಸಬಹುದು. ಆದರೆ ಮಣ್ಣನ್ನು ಬಹುದೂರದಿಂದ ಹೊತ್ತು ತರುವ ಕುಂಬಾರನು ವಿರಳ. ಆದುದರಿಂದಲೇ ಗಡಿಗೆಯ ಹುಟ್ಟೂರನ್ನು ಚಿತ್ತಾರಕ್ಕಿಂತ ಮಣ್ಣೇ ನಂಬಿಕೆಗೆ ಅರ್ಹವಾಗಿ ಹೇಳುತ್ತದೆ.

ಆದರೆ ಆ ಗಡಿಗೆ ಎಲ್ಲಿಗೆ ಹೋಗಿ ಸೇರಿತೆಂಬುದನ್ನು ಮಣ್ಣು ಹೇಳಲಾರದು. ಅದನ್ನು ಹೇಳಬೇಕಾದದ್ದು ಬೋಕಿ ಬಿದ್ದಿದ್ದ ನೆಲ. ಚೆಲುವಾಗಿದೆಯೆಂದು ಅದನ್ನು ಆಯ್ದು ತಂದು ಮನೆಯ ಗೂಡಿನಲ್ಲಿಟ್ಟರೆ ಅರ್ಧ ಇತಿಹಾಸ ಅಳಿದಂತೆಯೇ. ಓದುಗರೇ, ನಿಮ್ಮ ಹೊಲದಲ್ಲಿ ಅಂಥದೊಂದು ಕಂಡರೆ ಅದನ್ನು ಇದ್ದಲ್ಲಿಯೇ ಬಿಡಿರಿ. ಸ್ಥಳವನ್ನು ಗುರುತು ಹಾಕಿಕೊಂಡು ಪುರಾತತ್ವ ಇಲಾಖೆಗೆ ತಿಳಿಸಿರಿ.