ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಒತ್ತಡದ ಪಾಠ

ಶಸ್ತ್ರಕ್ರಿಯೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಹರಿತವಾದ ಚಾಕು ಮತ್ತು ಅದನ್ನು ಹಿಡಿದ ನುರಿತ ಕೈ. ಆದರೆ ಆ ಕೈ ಕೆಲಸಕ್ಕೆ ತೊಡಗುವ ಮುನ್ನ ಹಬೆ, ದ್ರವ, ಒತ್ತಡ ಇವೆಲ್ಲವೂ ತಮ್ಮ ಕೆಲಸವನ್ನು ಸರಿಯಾಗಿ ಮುಗಿಸಿರಬೇಕು. ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಇದು ಮನದಟ್ಟಾದುದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ವೈದ್ಯ ಶಿಕ್ಷಣದ ನಾಲ್ಕೂವರೆ ವರ್ಷದ ಪಾಠಗಳನ್ನು ಮುಗಿಸಿ, ಕಡ್ಡಾಯ ತರಬೇತಿಯ ವರ್ಷದಲ್ಲಿ ಆಕೆ ಶಸ್ತ್ರವೈದ್ಯ ವಿಭಾಗದ ಸರದಿಯ ಕೆಲವು ವಾರಗಳನ್ನು ಮಲೆನಾಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕಳೆದಳು. ಅಲ್ಲಿ ಶಸ್ತ್ರವೈದ್ಯರು ಒಬ್ಬರು, ಅರಿವಳಿಕೆ ಕೊಡುವ ವೈದ್ಯರು ಒಬ್ಬರು, ಹಿರಿಯ ದಾದಿ ಒಬ್ಬರು. ಶಸ್ತ್ರಕ್ರಿಯೆಯ ಮೇಜೂ ಒಂದೇ.

ಆಕೆಯ ಮೊದಲ ಪಾಠ ನಡೆದುದು ಆಟೊಕ್ಲೇವಿನ ಬಳಿ. ಪ್ಯಾಶ್ಚರನ ಸಹಚರ ಶಾಂಬರ್ಲಾಂಡನು 1879ರಲ್ಲಿ ರೂಪಿಸಿದ ಈ ಪಾತ್ರೆ ನಮ್ಮ ಅಡಿಗೆಮನೆಯ ಕುಕ್ಕರಿನ ದೊಡ್ಡಣ್ಣ. ಕುದಿಯುವ ನೀರಿಗೂ ಜಗ್ಗದೆ ಬದುಕುವ ಸೂಕ್ಷ್ಮಜೀವಿ ಬೀಜಾಣುಗಳುಂಟು. ಅವನ್ನು ಕೊಲ್ಲಲು ಹಬೆಯನ್ನು 121 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಕನಿಷ್ಠ 15 ನಿಮಿಷ ಹಿಡಿದಿಡಬೇಕು. ಸಮುದ್ರಮಟ್ಟದಲ್ಲಿ ಇದಕ್ಕೆ ವಾಯುಮಂಡಲದ ಒತ್ತಡಕ್ಕಿಂತ ಚದರ ಅಂಗುಲಕ್ಕೆ 15 ಪೌಂಡು ಹೆಚ್ಚಿನ ಒತ್ತಡ ಬೇಕು. ಒಂದು ಗ್ರಾಂ ಹಬೆ ತಣ್ಣನೆಯ ಬಟ್ಟೆಗೆ ತಗುಲಿ ನೀರಾಗುವಾಗ ಸುಮಾರು 500 ಕ್ಯಾಲೊರಿಗೂ ಮೀರಿದ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಹಬೆಯ ಬಲವಿರುವುದು ಇಲ್ಲಿಯೇ. ಒಣಗಾಳಿಗೆ ಈ ಶಕ್ತಿಯಿಲ್ಲ.

ಮುಳ್ಳು 15ನ್ನು ಮುಟ್ಟಿದೊಡನೆ ಆಕೆ ಗಡಿಯಾರ ನೋಡತೊಡಗಿದಳು. ದಾದಿ ತಡೆದರು. “ಡಾಕ್ಟ್ರೇ, ಮುಳ್ಳನ್ನು ನಂಬಬೇಡಿ. ಒಳಗಿನ ಗಾಳಿ ಹೋಯಿತೇ, ಅದನ್ನು ನೋಡಿ.”

ದಾದಿ ಹೇಳಿದುದು ಡಾಲ್ಟನನ ನಿಯಮವನ್ನೇ. ಪಾತ್ರೆಯಲ್ಲಿ ಗಾಳಿ ಉಳಿದಿದ್ದರೆ ಮುಳ್ಳು ತೋರಿಸುವುದು ಗಾಳಿ, ಹಬೆ ಎರಡರ ಒಟ್ಟು ಒತ್ತಡವನ್ನು. ಉಷ್ಣತೆಯನ್ನು ನಿರ್ಧರಿಸುವುದಾದರೋ ಹಬೆಯ ಪಾಲು ಮಾತ್ರ. ಅರ್ಧದಷ್ಟು ಗಾಳಿ ಒಳಗೇ ಉಳಿದರೆ ಅದೇ 15 ಪೌಂಡಿಗೆ ಉಷ್ಣತೆ ಸುಮಾರು 112 ಡಿಗ್ರಿಯಲ್ಲಿಯೇ ನಿಂತುಬಿಡುತ್ತದೆ. ಎತ್ತರದ ಊರುಗಳಲ್ಲಿ ಮತ್ತೊಂದು ತೊಡಕುಂಟು. ಮಡಿಕೇರಿಯಂತೆ ಸುಮಾರು 1,150 ಮೀಟರ್ ಎತ್ತರದಲ್ಲಿ ನೀರು 96 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಹೊರಗಿನ ವಾಯುವಿನ ಒತ್ತಡವೇ ಅಲ್ಲಿ ಕಡಿಮೆಯಾದುದರಿಂದ ಮುಳ್ಳು 15ರಲ್ಲಿದ್ದರೂ ಒಳಗಿನ ಉಷ್ಣತೆ 119ರ ಆಸುಪಾಸಿನಲ್ಲಿರುತ್ತದೆ. 121ನ್ನು ಮುಟ್ಟಲು ಮುಳ್ಳು 17ಕ್ಕೆ ಏರಬೇಕು.

ಮಳೆಗಾಲದ ಒಂದು ರಾತ್ರಿ ಐವತ್ತು ದಾಟಿದ ರೈತರೊಬ್ಬರನ್ನು ಜೀಪಿನಲ್ಲಿ ಕರೆತಂದರು. ತೊಡೆಸಂದಿನಲ್ಲಿ ಹಲವು ವರ್ಷಗಳಿಂದ ಹರ್ನಿಯದ ಗಂಟು. ಮಲಗಿದರೆ ಒಳಗೆ ಹೋಗುತ್ತಿದ್ದುದರಿಂದ ಅವರು ಅದನ್ನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಅಂದು ಮಧ್ಯಾಹ್ನ ಗದ್ದೆಯಲ್ಲಿ ಭಾರ ಎತ್ತಿದಾಗ ಹೊರಬಂದ ಗಂಟು ಮತ್ತೆ ಒಳಸೇರಲಿಲ್ಲ. ನೋವು, ಬಳಿಕ ವಾಂತಿ.

ಇಂಥ ಸ್ಥಿತಿಯಲ್ಲಿ ಒಳಗೆ ನಡೆಯುವುದೇನು? ಹೊಟ್ಟೆಯ ಗೋಡೆಯ ಕಿರಿದಾದ ಕಂಡಿಯಲ್ಲಿ ಕರುಳಿನ ಒಂದು ಸುತ್ತು ಸಿಕ್ಕಿಕೊಳ್ಳುತ್ತದೆ. ಅಪಧಮನಿಗಳಲ್ಲಿ ರಕ್ತದ ಒತ್ತಡ ಪಾದರಸದ 100 ಮಿಲಿಮೀಟರಿನ ಸುಮಾರಿನಲ್ಲಿರುತ್ತದೆ; ಕರುಳಿನಿಂದ ರಕ್ತವನ್ನು ಹಿಂದೆ ಒಯ್ಯುವ ಅಭಿಧಮನಿಗಳಲ್ಲಿ ಅದು 10ರಷ್ಟು ಮಾತ್ರ. ಆದುದರಿಂದ ಬಿಗಿತಕ್ಕೆ ಮೊದಲು ಮುಚ್ಚಿಹೋಗುವುದು ಅಭಿಧಮನಿ. ರಕ್ತ ಒಳಬರುತ್ತದೆ, ಹೊರಹೋಗಲಾರದು. ಕರುಳು ಊದುತ್ತದೆ, ಊದಿದಷ್ಟೂ ಬಿಗಿತ ಹೆಚ್ಚುತ್ತದೆ. ಕೊನೆಗೆ ಅಪಧಮನಿಯೂ ಮುಚ್ಚಿದರೆ ಆ ಭಾಗ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಜಿಲ್ಲಾ ಆಸ್ಪತ್ರೆಗೆ ಎರಡು ಗಂಟೆಯ ಘಟ್ಟದ ದಾರಿ. ಅಲ್ಲಿಯೇ ಶಸ್ತ್ರಕ್ರಿಯೆ ಮಾಡುವುದೆಂದು ವೈದ್ಯರು ನಿರ್ಧರಿಸಿದರು.

ಜರ್ಮನಿಯ ಆಗಸ್ಟ್ ಬಿಯರ್ 1898ರಲ್ಲಿ ಆರಂಭಿಸಿದ ಕ್ರಮದಂತೆ ಬೆನ್ನಿಗೆ ಅರಿವಳಿಕೆಯ ಸೂಜಿ ಹಾಕಲಾಯಿತು. ವಯಸ್ಕರಲ್ಲಿ ಮಿದುಳುಬಳ್ಳಿ ಸೊಂಟದ ಮೊದಲ ಕಶೇರುವಿನ ಸುಮಾರಿಗೆ ಮುಗಿಯುವುದರಿಂದ ಅದಕ್ಕಿಂತ ಕೆಳಗೆ ಚುಚ್ಚುತ್ತಾರೆ. ಔಷಧಕ್ಕೆ ಗ್ಲೂಕೋಸ್ ಬೆರೆಸಿ ಅದನ್ನು ಅಲ್ಲಿನ ದ್ರವಕ್ಕಿಂತ ತುಸು ಭಾರವಾಗಿಸಿರುತ್ತಾರೆ. ಹೀಗೆ ಭಾರವಾದ ಔಷಧ ತಗ್ಗಿನ ಕಡೆಗೆ ಇಳಿಯುತ್ತದೆ. ಮೇಜನ್ನು ಓರೆಮಾಡಿ ಅದರ ಹರಿವನ್ನು ಬೇಕಾದೆಡೆಗೆ ತಿರುಗಿಸಬಹುದು. ಅದು ತಲೆಯ ಕಡೆಗೆ ತೀರ ಏರಿಹೋದರೆ ರಕ್ತದ ಒತ್ತಡ ಕುಸಿಯುತ್ತದೆ, ಉಸಿರಾಟಕ್ಕೂ ಅಪಾಯವಾಗಬಹುದು. ಆಕೆ ಒದ್ದೆ ಹತ್ತಿಯನ್ನು ಮುಟ್ಟಿಸುತ್ತ, “ತಣ್ಣಗಿದೆಯೇ, ಯಜಮಾನರೇ?” ಎಂದು ಕೇಳುತ್ತ, ಅರಿವಳಿಕೆ ಎಲ್ಲಿಯವರೆಗೆ ಏರಿದೆಯೆಂದು ಗುರುತಿಸಿದಳು.

ಗಾಯದ ಅಂಚನ್ನು ಬಿಡಿಸಿ ಹಿಡಿಯುವ ಕೆಲಸ ಆಕೆಯ ಪಾಲಿಗೆ ಬಂದಿತು. ಬಿಗಿದ ಕಂಡಿಯನ್ನು ಕೊಯ್ದು ಸಡಿಲಿಸಿದಾಗ ಕಂಡುದು ಕಪ್ಪುಗೆಂಪು ಬಣ್ಣದ, ಹೊಳಪಿಲ್ಲದ ಕರುಳು. ಸತ್ತಿದ್ದರೆ ಅಷ್ಟನ್ನು ಕತ್ತರಿಸಿ ತೆಗೆದು ತುದಿಗಳನ್ನು ಹೊಲಿಯಬೇಕು; ಸತ್ತುದನ್ನು ಬದುಕಿದೆಯೆಂದು ಬಗೆದು ಒಳಗೆ ಬಿಟ್ಟರೆ ರೋಗಿಯ ಪ್ರಾಣವೇ ಹೋದೀತು. ವೈದ್ಯರು ಬೆಚ್ಚನೆಯ ಲವಣದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಹೊದಿಸಿ, “ಈಗ ಕಾಯಬೇಕು” ಎಂದರು. ಅದು ದಾದಿಯ ಆಟೊಕ್ಲೇವಿನಿಂದ ಬಂದ ಬಟ್ಟೆ. ಹತ್ತು ನಿಮಿಷ ಯಾರೂ ಮಾತನಾಡಲಿಲ್ಲ. ಬಟ್ಟೆ ತೆಗೆದಾಗ ಅಂಚಿನಿಂದ ನಸುಗೆಂಪು ಹರಡುತ್ತಿತ್ತು. ವೈದ್ಯರು ಬೆರಳಿನಿಂದ ಮೆಲ್ಲನೆ ತಟ್ಟಿದರು. ಕರುಳಿನಲ್ಲಿ ಅಲೆಯೊಂದು ಸಾಗಿತು. ಅದು ಬದುಕಿತ್ತು. ಕತ್ತರಿಸುವ ಅಗತ್ಯ ಬೀಳಲಿಲ್ಲ.

“ಪುಸ್ತಕದಲ್ಲಿ ಈ ಕಾಯುವಿಕೆಗೆ ಒಂದೇ ಸಾಲು ಇದೆ ಸಾರ್,” ಎಂದಳು ಆಕೆ ನನ್ನೊಡನೆ. “ಆ ಸಾಲು ಎಷ್ಟು ಉದ್ದವೆಂದು ಅಂದು ತಿಳಿಯಿತು.”

ಆ ರೈತರು ನಡೆದುಕೊಂಡೇ ಮನೆಗೆ ಹೋದರು. ಎಲ್ಲರಿಗೂ ಇಂಥ ಅದೃಷ್ಟವಿರುವುದಿಲ್ಲ. ಹರ್ನಿಯ ಇರುವವರು ಬಿಡುವಿನ ಕಾಲದಲ್ಲಿಯೇ ವೈದ್ಯರಿಗೆ ತೋರಿಸಿಕೊಳ್ಳುವುದು ಒಳಿತು. ಗಂಟು ಒಳಗೆ ಹೋಗದೆ ಗಟ್ಟಿಯಾಗಿ ನೋವು, ವಾಂತಿ ಕಾಣಿಸಿದರೆ ಅದನ್ನು ತಿಕ್ಕಿ ಅದುಮುತ್ತ ಬೆಳಗಾಗಲೆಂದು ಕಾಯಬಾರದು. ಒಡನೆಯೇ ಆಸ್ಪತ್ರೆಗೆ ಹೊರಡಬೇಕು. ಕಾಯುವ ಹತ್ತು ನಿಮಿಷ ಶಸ್ತ್ರವೈದ್ಯರ ಪಾಲಿಗಿರಲಿ. ರೋಗಿಯ ಬಳಿ ಅಷ್ಟು ಹೊತ್ತಿರುವುದಿಲ್ಲ.