ಸೀರೆ ಅಂಗಡಿ ಕೆಲಸ ಬಿಟ್ಟಿದ್ದಕ್ಕೆ ಬೇಜಾರಿದೆಯಾ?

ಅಂಗಡಿ ಕೆಲಸ ಬಿಟ್ಟವರನ್ನು ಕೇಳಿ ನೋಡಿ, 'ಯಾಕಾದ್ರೂ ಬಿಟ್ಟೆನೋ ಅನ್ನಿಸುತ್ತಾ?' ಅಂತ. ಮೊದಲು ನಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು 'ಆದ್ರೂ...' ಅಂತ ಶುರು ಮಾಡುತ್ತಾರೆ.

ನಾನು ಬೆಂಗಳೂರಿನ ಜಯನಗರದ ಸೀರೆ ಅಂಗಡಿಯೊಂದರಲ್ಲಿ ಮೂರು ವರ್ಷ ಸೇಲ್ಸ್‌ನಲ್ಲಿದ್ದೆ. ಕೈಗೆ ಬರುತ್ತಿದ್ದುದು 12,000 ಚಿಲ್ಲರೆ. ಈಗ ಆಡಿಟರ್ ಆಫೀಸೊಂದರಲ್ಲಿ ಬಿಲ್ ಎಂಟ್ರಿ ಮಾಡುತ್ತೇನೆ. ನನಗಂತೂ ಬೇಜಾರಿಲ್ಲ. ನಲವತ್ತು ಸೀರೆ ಬಿಚ್ಚಿಸಿ, ಸೆರಗು ಹಾಕಿಸಿ ನೋಡಿ, 'ಇನ್ನೊಂದ್ಸಲ ಬರ್ತೀವಿ' ಅಂತ ಎದ್ದು ಹೋದವರ ಹಿಂದೆ ಅಷ್ಟನ್ನೂ ಹಳೇ ಮಡಿಕೆಗೇ ಮಡಚಿಡಬೇಕು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ ವಾರದ ರಜೆಯೂ ಇಲ್ಲ. ಎಲ್ಲಕ್ಕಿಂತ ಕಷ್ಟ ನಿಂತೇ ಇರೋದು. ಗಿರಾಕಿ ಇಲ್ಲದಾಗಲೂ ಕೂರುವಂತಿರಲಿಲ್ಲ. ಕ್ಯಾಮೆರಾ ನೋಡಿ ಮೇಲಿನಿಂದ ಫೋನ್ ಬರುತ್ತಿತ್ತು. ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೇ ತಿದ್ದುಪಡಿ ತಂದವು. ಕೂರೋದಕ್ಕೂ ಕಾನೂನು ಬೇಕಾಯ್ತು ನೋಡಿ!

ಇನ್ನು ಆ 'ಆದ್ರೂ' ವಿಷಯ. ಪಕ್ಕದ ಗಂಡಸರ ಉಡುಪಿನ ಕೌಂಟರಿನಲ್ಲಿದ್ದ ಹುಡುಗ ಕೆಲಸ ಬಿಟ್ಟು ಫುಡ್ ಡೆಲಿವರಿಗೆ ಸೇರಿದ. ಪೆಟ್ರೋಲು, ಸ್ಕೂಟರಿನ ಕಂತು ಕಳೆದರೂ ಅಂಗಡಿಗಿಂತ ಜಾಸ್ತಿ ಉಳಿಯುತ್ತಿತ್ತು. ಮಳೆಯಲ್ಲಿ ಬಿದ್ದು ಮಣಿಕಟ್ಟು ಮುರಿದು ಆರು ವಾರ ಮನೇಲಿ ಕೂತ. 'ಅಲ್ಲಿದ್ದಿದ್ರೆ ಇಎಸ್‌ಐ ಇರ್ತಿತ್ತು ಅಕ್ಕಾ' ಅಂದ.

ಸಂಬಳದ ಚೀಟಿ ನೋಡಿ ನಾವೆಲ್ಲ ಗೊಣಗುತ್ತಿದ್ದ ಕಡಿತ ಅದು! ತಿಂಗಳ ಸಂಬಳ 21,000ದೊಳಗಿದ್ದವರಿಗೆ ಇಎಸ್‌ಐ ಅನ್ವಯಿಸುತ್ತದೆ. ನಮ್ಮ ಪಾಲು ಶೇ. 0.75, ಅಂದರೆ 12,000ಕ್ಕೆ ಬರೀ 90 ರೂಪಾಯಿ. ಮಾಲೀಕರದು ಶೇ. 3.25. ಅಷ್ಟಕ್ಕೆ ಮನೆಯವರಿಗೂ ಚಿಕಿತ್ಸೆ. ಕಾಯಿಲೆ ರಜೆಯಲ್ಲಿ ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ. ಗಿಗ್ ಕೆಲಸಗಾರರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದೆ, ನಿಜ. ಅವನ ಕೈ ಮುರಿದದ್ದು ಅದಕ್ಕೂ ಮೊದಲು. 'ಹಾಗಾದ್ರೆ ವಾಪಸ್ ಹೋಗ್ತೀಯಾ?' ಅಂದೆ. 'ಅಯ್ಯೋ, ಸುಮ್ನಿರಿ' ಅಂದ.

ನಿಜವಾಗಿ ಹೊಟ್ಟೆ ಉರಿದದ್ದು ರೇಷ್ಮೆ ವಿಭಾಗದ ಅಕ್ಕನ ಕಥೆ ಕೇಳಿ. ದಿನಾ ರಾಮನಗರದಿಂದ ರೈಲಲ್ಲಿ ಬರುತ್ತಿದ್ದರು. ಬಟ್ಟೆ ಮುಟ್ಟಿದರೆ ಸಾಕು, ಅಸಲಿ ರೇಷ್ಮೆಯೋ ಅಲ್ಲವೋ ಹೇಳುತ್ತಿದ್ದರು. ಕಾಲಿನ ನರ ಊದಿಕೊಂಡು, ನಾಲ್ಕು ವರ್ಷ ನಾಲ್ಕು ತಿಂಗಳಿಗೆ ಬಿಟ್ಟರು. ಕಾಯಂ ನೌಕರರು ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗಬೇಕಾದರೆ ಸತತ 5 ವರ್ಷದ ಸೇವೆ ಬೇಕು. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ಇದ್ದರೆ ಲೆಕ್ಕ ಹೀಗೆ: 26ರಿಂದ ಭಾಗಿಸಿ 15ರಿಂದ ಗುಣಿಸಿ, ವರ್ಷಕ್ಕೆ 7,500. ಐದು ವರ್ಷಕ್ಕೆ 37,500. ಎಂಟು ತಿಂಗಳಿಗೆ ಅಷ್ಟೂ ಹೋಯಿತು. ರಾಜೀನಾಮೆ ಪತ್ರ ತಗೊಂಡವರು ಒಂದು ಮಾತೂ ಹೇಳಲಿಲ್ಲವಂತೆ.

'ಬಿಟ್ಟಿದ್ದಕ್ಕಲ್ಲ ಕಣೇ ಬೇಜಾರು, ಯಾರಾದ್ರೂ ಒಂದು ಮಾತು ಹೇಳಿದ್ರೆ ಹೇಗೋ ಎಂಟು ತಿಂಗಳು ತಳ್ಳಿಬಿಡ್ತಿದ್ದೆ' ಅಂತಾರೆ ಅಕ್ಕ. ನೀವು ಬಿಡೋ ಯೋಚನೆಯಲ್ಲಿದ್ದರೆ, ಸೇರಿದ ತಾರೀಖು ಮೊದಲು ನೋಡಿಕೊಳ್ಳಿ. ಪಿಎಫ್ ಯುಎಎನ್ ನಂಬರಿಗೆ ನಿಮ್ಮದೇ ಮೊಬೈಲ್ ಜೋಡಿಸಿದೆಯಾ ಅಂತಲೂ.

ಅಕ್ಕ ಈಗ ಮನೆಯಲ್ಲೇ ಸೀರೆಗೆ ಫಾಲ್, ಕುಚ್ಚು ಹಾಕುತ್ತಾರೆ. ಹಳೇ ಗಿರಾಕಿಗಳೇ ಹುಡುಕಿಕೊಂಡು ಬರುತ್ತಾರೆ. ಸೀಸನ್ ಇಲ್ಲದ ತಿಂಗಳು ಕೈ ಖಾಲಿ. ಮೊನ್ನೆ ಫೋನ್ ಮಾಡಿದಾಗ ಹತ್ತು ಸೀರೆ ಬಂದಿವೆ ಅಂದರು. 'ಆಗುತ್ತಾ ಅಕ್ಕಾ?' ಅಂದೆ.

'ಕೂತ್ಕೊಂಡು ತಾನೇ ಮಾಡೋದು, ಆಗುತ್ತೆ' ಅಂದರು.